ಟಿವಿ ಕಂಪ್ಯೂಟರ್‌ಗೆ ಎರಡು ನೆಟ್ ಕೇಬಲ್ ಹಾಕಿಸುವ ಮುಂಚೆ ಇದನ್ನು ಓದಿ

ಟಿವಿಗೆ ಜೋಡಿಸಿದ ಕಂಪ್ಯೂಟರ್‌ನಲ್ಲಿ ಎರಡು ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಚುಚ್ಚುವ ಜಾಗ) ಇವೆಯಾ? ಎರಡನ್ನೂ ಸೇರಿಸಿ ‘ಬ್ರಿಡ್ಜ್’ ಮಾಡಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಒಂದು ಪೋರ್ಟ್‌ಗೆ ಕೇಬಲ್ ಆಪರೇಟರ್‌ನ ತಂತಿ ನೇರವಾಗಿ ಬರುತ್ತಿದ್ದರೆ ಖಂಡಿತಾ ಬೇಡ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅಂಗಡಿಯವರು ಹೀಗೆ ಮಾಡಿಟ್ಟು ಹೋದರು. ಬೀದಿಯಲ್ಲಿ ಎಷ್ಟೋ ಮನೆಗಳ ನೆಟ್ ಕೆಟ್ಟಿತು. ನಮ್ಮ ಮನೆಯ ಫೋಟೋಗಳು ಎದುರು ಮನೆಯ ಕಂಪ್ಯೂಟರ್‌ನಲ್ಲಿ ಕಾಣಿಸಿದವು.

ನಾವು ಕೇಳಿದ್ದು ಇಷ್ಟೇ. ಟಿವಿ ಕೆಳಗೆ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಕೋಡಿ ಅನ್ನುವ ಸಿನಿಮಾ ನೋಡುವ ಸಾಫ್ಟ್‌ವೇರ್. ಸಿನಿಮಾ, ಹಳೆಯ ವಿಡಿಯೋ ಎಲ್ಲ ಒಳಕೋಣೆಯ ನ್ಯಾಸ್ ಪೆಟ್ಟಿಗೆಯಲ್ಲಿ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ). ಮನೆಯವರೆಲ್ಲ ಕೂತು ನೋಡಬೇಕು, ಮೊಬೈಲ್‌ಗಳಿಗೂ ನೆಟ್ ಸಿಗಬೇಕು. ಅಂಗಡಿಯವರು ಬಂದು, ‘ರೂಟರ್ ಮಧ್ಯೆ ಇದ್ದರೆ ಸ್ಪೀಡ್ ಕಮ್ಮಿ ಆಗುತ್ತೆ ಸಾರ್’ ಅಂದರು. ಆಪರೇಟರ್ ತಂತಿಯನ್ನು ರೂಟರ್‌ನಿಂದ ಕಿತ್ತು ನೇರವಾಗಿ ಕಂಪ್ಯೂಟರ್‌ಗೆ ಹಾಕಿದರು. ಎರಡನೇ ಪೋರ್ಟ್‌ನಿಂದ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಇನ್ನೊಂದು ತಂತಿ ಎಳೆದರು. ಆಮೇಲೆ ವಿಂಡೋಸ್‌ನಲ್ಲಿ ಎರಡನ್ನೂ ಬ್ರಿಡ್ಜ್ ಮಾಡಿದರು, ಹೊರಗಿನವರನ್ನು ತಡೆಯುವ ಫೈರ್‌ವಾಲ್ ಆಫ್ ಮಾಡಿದರು, ಫೋಲ್ಡರ್‌ಗಳನ್ನು ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ಶೇರ್ ಮಾಡಿದರು. ರೂಟರ್‌ನಿಂದ ಸ್ಪೀಡ್ ಕಮ್ಮಿ ಅನ್ನುವುದೇ ಸುಳ್ಳು. ನಮ್ಮದು 100 ಮೆಗಾಬಿಟ್ ಲೈನ್. ಅಷ್ಟನ್ನು ಈಗಿನ ಯಾವ ಸಾಧಾರಣ ರೂಟರ್ ಬೇಕಾದರೂ ಆರಾಮಾಗಿ ದಾಟಿಸುತ್ತದೆ.

ಬ್ರಿಡ್ಜ್ ಮಾಡಿದರೆ ಏನಾಗುತ್ತದೆ ಅಂತ ಗೊತ್ತಿರಬೇಕು. ಕಂಪ್ಯೂಟರ್ ಬರೀ ಒಂದು ನೆಟ್‌ವರ್ಕ್ ಸ್ವಿಚ್, ಅಂದರೆ ನೆಟ್ ತಂತಿಗಳನ್ನು ಕೂಡಿಸುವ ಪೆಟ್ಟಿಗೆ, ಆಗಿಬಿಡುತ್ತದೆ. ಈ ಕಡೆಯ ಮನೆ, ಆ ಕಡೆಯ ಬೀದಿ, ಎರಡೂ ಒಂದೇ ನೆಟ್‌ವರ್ಕ್. ನಮ್ಮ ರೂಟರ್ ಒಳಗೆ ಡಿಎಚ್‌ಸಿಪಿ ಅಂತ ಒಂದು ಕೆಲಸ ನಡೆಯುತ್ತಿರುತ್ತದೆ. ‘ನನಗೊಂದು ವಿಳಾಸ ಕೊಡಿ’ ಅಂತ ಕೇಳಿದ ಸಾಧನಕ್ಕೆಲ್ಲ ಅದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ನಂಬರ್, ಕೊಡುತ್ತದೆ. ಮನೆಯೊಳಗೆ ಅದು ಸರಿ. ಬ್ರಿಡ್ಜ್ ಆದಮೇಲೆ ಬೀದಿಯಿಂದ ಕೇಳಿದವರಿಗೂ ಅದೇ ಉತ್ತರ ಕೊಡತೊಡಗಿತು. ಆಪರೇಟರ್ ಕೊಡಬೇಕಾದ ವಿಳಾಸದ ಬದಲು ಅಕ್ಕಪಕ್ಕದ ಮನೆಗಳಿಗೆ 192.168.0 ಸಾಲಿನ ನಮ್ಮ ವಿಳಾಸ ಹೋಯಿತು. ನಮ್ಮ ರೂಟರ್‌ಗೆ ನೆಟ್ಟೇ ಇಲ್ಲ, ಆಪರೇಟರ್ ತಂತಿ ಹಾಕುವ ಅದರ ವ್ಯಾನ್ ಪೋರ್ಟ್ ಖಾಲಿ. ಹಾಗಾಗಿ ಆ ಮನೆಗಳಿಗೂ ನೆಟ್ ಇಲ್ಲ. ಯಾರ ಉತ್ತರ ಮೊದಲು ತಲುಪುತ್ತದೋ ಅದರ ಮೇಲೆ ಎಲ್ಲ. ಅದಕ್ಕೇ ಬೆಳಿಗ್ಗೆ ಇದ್ದ ನೆಟ್ ಸಂಜೆ ಇರುತ್ತಿರಲಿಲ್ಲ.

ಆಪರೇಟರ್ ಹುಡುಗ ಕಂಬದ ಡಬ್ಬಿಯಲ್ಲಿ ಒಂದೊಂದೇ ತಂತಿ ಕಿತ್ತು ನೋಡಿ ಕೊನೆಗೆ ನಮ್ಮ ಬಾಗಿಲಿಗೆ ಬಂದ. ‘ಸಾರ್, ತೊಂದರೆ ನಿಮ್ಮನೆಯಿಂದಾನೇ ಬರ್ತಿದೆ’ ಅಂದ. ಲೈನ್ ಕಟ್ ಮಾಡಿ ಹೋದ. ಅವನದ್ದು ತಪ್ಪಲ್ಲ.

ಅದಕ್ಕಿಂತ ನೋವಾಗಿದ್ದು ಎದುರು ಮನೆ ಆಂಟಿ ಕೇಳಿದ ಮಾತು. ‘ಪಾಪು ನಾಮಕರಣದ ಫೋಟೋ ನಮ್ಮ ಕಂಪ್ಯೂಟರ್‌ನಲ್ಲಿ ಕಾಣಿಸ್ತಿದೆಯಲ್ಲ, ನೀವೇ ಕಳಿಸಿದ್ರಾ?’ ಅವರ ಮನೆಯಲ್ಲಿ ತಂತಿ ನೇರವಾಗಿ ಕಂಪ್ಯೂಟರ್‌ಗೇ ಹೋಗುತ್ತದೆ. ಪಾಸ್‌ವರ್ಡ್ ಇಲ್ಲದೆ ಶೇರ್ ಮಾಡಿದ್ದ ನಮ್ಮ ಫೋಲ್ಡರ್‌ಗಳು ಹಾಗಾಗಿ ಅಲ್ಲಿ ತೆರೆದುಕೊಂಡವು. ಸಿನಿಮಾ, ವಿಡಿಯೋಗಳದ್ದೂ ಅದೇ ಕಥೆ. ಮನೆಯ ಬೇರೆ ಸಾಧನಗಳಿಗೆ ಅವನ್ನು ತೋರಿಸುವ ಯುಪಿಎನ್‌ಪಿ ಹಂಚಿಕೆ ಕೋಡಿಯಲ್ಲಿ ಆನ್ ಇದ್ದರೆ ಅದು ‘ನಾನು ಇಲ್ಲಿದ್ದೀನಿ’ ಅಂತ ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಸಾರುತ್ತಿರುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ. ಮಧ್ಯೆ ರೂಟರ್ ಇದ್ದಿದ್ದರೆ ಆ ಮಾತು ಮನೆಯೊಳಗೇ ಉಳಿಯುತ್ತಿತ್ತು. ಆಂಟಿ ಒಳ್ಳೆಯವರು, ಬಂದು ಹೇಳಿದರು. ಹೇಳದೆ ನೋಡಿದವರು ಯಾರು, ಏನೇನು ನೋಡಿದರು ಅನ್ನುವ ಚಿಂತೆ ನಮ್ಮನ್ನು ತುಂಬಾ ಕಾಡಿತು. ಆಧಾರ್ ಸ್ಕ್ಯಾನ್, ಬ್ಯಾಂಕ್ ಕಾಗದ ಎಲ್ಲ ಅದೇ ಡಿಸ್ಕ್‌ನಲ್ಲಿದ್ದವು.

ಅಂಗಡಿಯವರನ್ನು ಮತ್ತೆ ಕರೆಸಿದೆವು. ಬ್ರಿಡ್ಜ್ ತೆಗೆದರು, ಆಪರೇಟರ್ ಲೈನ್ ಮತ್ತೆ ಕೊಟ್ಟ. ಆದರೆ ಅಂಗಡಿಯವರು ಎರಡೂ ಪೋರ್ಟ್‌ಗಳ ನೆಟ್‌ವರ್ಕ್ ಕಾರ್ಡ್‌ಗಳಿಗೆ ಒಂದೊಂದು ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ದಾರಿಯ ವಿಳಾಸ) ಬರೆದರು. ಆಗ ಟಿವಿ ಕಂಪ್ಯೂಟರ್‌ನಲ್ಲೇ ನೆಟ್ ನಿಂತಿತು. ಮನೆ ಕಡೆಯ ತಂತಿ ಕಿತ್ತರೆ ಬರುತ್ತದೆ, ಹಾಕಿದರೆ ಹೋಗುತ್ತದೆ. ‘ಕಾರ್ಡ್ ಹೋಗಿದೆ, ಹೊಸದು ಹಾಕ್ಬೇಕು’ ಅಂತ ಮತ್ತೆ ದುಡ್ಡು ಕೇಳಿದರು. ಕಾರ್ಡ್‌ಗೆ ಏನೂ ಆಗಿರಲಿಲ್ಲ. ನೆಟ್‌ವರ್ಕ್ ಕೆಲಸದಲ್ಲಿರುವ ನನ್ನ ತಮ್ಮ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ರೂಟ್ ಪ್ರಿಂಟ್’ ಕೊಟ್ಟು ತೋರಿಸಿದ. 0.0.0.0 ಅಂತ ಶುರುವಾಗುವ ಸಾಲು ಎರಡಿದ್ದವು, ಅಂದರೆ ಹೊರಗೆ ಹೋಗುವ ದಾರಿ ಎರಡು. ಎರಡು ಗೇಟ್‌ವೇ ಇದ್ದರೆ ವಿಂಡೋಸ್ ಮೆಟ್ರಿಕ್ ಸಂಖ್ಯೆ (ಯಾವ ದಾರಿ ಮೊದಲು ಅಂತ ಹೇಳುವ ಸಂಖ್ಯೆ) ಕಮ್ಮಿ ಇರುವುದನ್ನು ಆರಿಸುತ್ತದೆ. ಜಾಸ್ತಿ ವೇಗದ ಕಾರ್ಡ್‌ಗೆ ತಾನಾಗಿಯೇ ಕಮ್ಮಿ ಸಂಖ್ಯೆ ಕೊಡುತ್ತದೆ. ಮನೆ ಕಡೆಯದು ಗಿಗಾಬಿಟ್, ಆಪರೇಟರ್ ಕಡೆಯದು 100 ಮೆಗಾಬಿಟ್. ಹಾಗಾಗಿ ಕಂಪ್ಯೂಟರ್ ನೆಟ್ ಹುಡುಕಿಕೊಂಡು ನೆಟ್ಟೇ ಇಲ್ಲದ ರೂಟರ್ ಕಡೆಗೆ ಹೋಗುತ್ತಿತ್ತು.

ಎರಡು ಪೋರ್ಟ್ ಬಳಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 4ಕೆ ಬ್ಲೂರೇ ಡಿಸ್ಕ್‌ನ ಸಿನಿಮಾ ಕೆಲವೊಮ್ಮೆ ಸೆಕೆಂಡಿಗೆ 100 ಮೆಗಾಬಿಟ್ ದಾಟಬಹುದು. ನಿಮ್ಮ ರೂಟರ್‌ನ ಲ್ಯಾನ್ ಪೋರ್ಟ್ 100 ಮೆಗಾಬಿಟ್‌ನದಾಗಿದ್ದರೆ ಅಲ್ಲಿ ಚಿತ್ರ ನಿಂತು ನಿಂತು ಬರುತ್ತದೆ. ಆಗ ನ್ಯಾಸ್‌ಗೆ ಬೇರೆಯದೇ ಗಿಗಾಬಿಟ್ ದಾರಿ ಮಾಡಿಕೊಳ್ಳುವುದು ಒಳ್ಳೆಯದು.

ತಮ್ಮ ಮಾಡಿಕೊಟ್ಟ ಜೋಡಣೆ ಈಗಲೂ ಚೆನ್ನಾಗಿ ನಡೆಯುತ್ತಿದೆ. ಆಪರೇಟರ್ ತಂತಿ ರೂಟರ್‌ನ ವ್ಯಾನ್ ಪೋರ್ಟ್‌ಗೆ. ರೂಟರ್‌ನಿಂದ ಕಂಪ್ಯೂಟರ್‌ನ ಮೊದಲ ಪೋರ್ಟ್‌ಗೆ, ಅಲ್ಲಿ ಎಲ್ಲ ಆಟೋಮ್ಯಾಟಿಕ್. ಎರಡನೇ ಪೋರ್ಟ್‌ನಿಂದ ನೇರವಾಗಿ ನ್ಯಾಸ್‌ಗೆ. ಅಲ್ಲಿ ಕಂಪ್ಯೂಟರ್‌ಗೆ 10.10.10.1, ನ್ಯಾಸ್‌ಗೆ 10.10.10.2, ವಿಳಾಸದ ಸಾಲು ಎಷ್ಟು ದೊಡ್ಡದು ಅಂತ ಹೇಳುವ ಮಾಸ್ಕ್ 255.255.255.0. ಈ ಎರಡನೇ ಜೋಡಣೆಯಲ್ಲಿ ಗೇಟ್‌ವೇ ಜಾಗ ಖಾಲಿ ಬಿಡಬೇಕು, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಕೂಡ ಖಾಲಿ. ಕಂಪ್ಯೂಟರ್‌ನ ಎರಡು ಪೋರ್ಟ್‌ಗಳಿಗೂ ಒಂದೇ ಸಾಲಿನ ವಿಳಾಸ ಇರಬಾರದು. ಫೈರ್‌ವಾಲ್ ಆನ್, ಶೇರ್‌ಗೆ ಪಾಸ್‌ವರ್ಡ್.

ಇನ್ನೊಂದು ವಿಷಯ. ನಮ್ಮ ಕಡೆ ಆಪರೇಟರ್ ತಂತಿ ಕಂಬದಿಂದ ಮಹಡಿಗೆ, ಮಹಡಿಯಿಂದ ಮನೆಗೆ ಗಾಳಿಯಲ್ಲೇ ಬರುತ್ತದೆ. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಲ್ಯಾನ್ ಪೋರ್ಟ್ ಸುಟ್ಟುಹೋಗುವುದು ಹೊಸದೇನಲ್ಲ. ರೂಟರ್ ಮೊದಲಿದ್ದರೆ ಹೆಚ್ಚಾಗಿ ಅದು ಮಾತ್ರ ಹೋಗುತ್ತದೆ. ತಂತಿ ನೇರವಾಗಿದ್ದರೆ ಕಂಪ್ಯೂಟರ್‌ನ ಮದರ್‌ಬೋರ್ಡೇ ಹೋಗಬಹುದು.

ನಿಮ್ಮ ಮನೆಯಲ್ಲಿ ಈಗಾಗಲೇ ಯಾರಾದರೂ ಕೈ ಹಾಕಿದ್ದರೆ ಇವತ್ತೇ ನೋಡಿ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ‘ನೆಟ್‌ವರ್ಕ್ ಬ್ರಿಡ್ಜ್’ ಅಂತ ಒಂದು ಚಿತ್ರ ಕಂಡರೆ ಮೊದಲು ಆಪರೇಟರ್ ತಂತಿ ಕೀಳಿ. ಆಮೇಲೆ ಅದರೊಳಗಿನ ಕಾರ್ಡ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಬ್ರಿಡ್ಜ್‌ನಿಂದ ಹೊರಗೆ ತೆಗೆಯಿರಿ. ಆ ತಂತಿಯನ್ನು ರೂಟರ್‌ಗೆ ಹಾಕಿ. ನೆಟ್ ಬರದಿದ್ದರೆ ಆಪರೇಟರ್‌ಗೆ ಫೋನ್ ಮಾಡಿ, ‘ಮ್ಯಾಕ್ ಅಡ್ರೆಸ್ ಬದಲಾಗಿದೆ, ರೂಟರ್‌ದು ಹಾಕಿಕೊಡಿ’ ಅಂತ ಕೇಳಿ. ಮ್ಯಾಕ್ ಅಡ್ರೆಸ್ ಅಂದರೆ ಸಾಧನದ ನೆಟ್ ಪೋರ್ಟ್‌ಗೆ ಇರುವ ಗುರುತಿನ ಸಂಖ್ಯೆ. ನಮಗೆ ಹಾಗೆ ಕೇಳಿದ ಮೇಲೆ ರೂಟರ್‌ನಲ್ಲಿ ನೆಟ್ ಬಂತು.