ನರ್ಸಿಂಗ್ ವಿದ್ಯಾರ್ಥಿಗಳಿಗೆ ಕನ್ನಡ-ತುಳು ತರಗತಿ: ಕಂಕನಾಡಿಯ ಸಂಜೆ ಬ್ಯಾಚ್ ಹೇಗಿದೆ?

ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ನಮ್ಮದೇ ಬಯಲುಸೀಮೆಯಿಂದಲೂ ಮಕ್ಕಳು ಬರುತ್ತಾರೆ. ಪಾಠ ಇಂಗ್ಲಿಷಿನಲ್ಲಿ ಹೇಗೋ ನಡೆದುಹೋಗುತ್ತದೆ. ತೊಡಕು ಶುರುವಾಗುವುದು ವಾರ್ಡಿನಲ್ಲಿ, ರೋಗಿಯ ಮಾತು ತಿಳಿಯದಾಗ. ಕಂಕನಾಡಿಯ ಈ ತರಗತಿ ಶುರುವಾಗುವುದು ವ್ಯಾಕರಣದಿಂದಲ್ಲ, ನೋವಿನ ಮಾತುಗಳಿಂದ. ಅದೇ ಸರಿ.

ತುಳುವಿನಲ್ಲಿ ಹೊಟ್ಟೆಗೆ ‘ಬಂಜಿ’, ತಲೆಗೆ ‘ತರೆ’, ನೋವಿಗೆ ‘ಬೇನೆ’. ಅಜ್ಜಿ ‘ಬಂಜಿ ಬೇನೆ’ ಅಂದದ್ದು ಹಾವೇರಿಯ ಹುಡುಗನಿಗೆ ‘ಬಂಜೆ’ ಎಂದು ಕೇಳಿಸಿದರೆ ಕೇಸ್ ಶೀಟಿನ ಕಥೆ ಮುಗಿಯಿತು! ಇಲ್ಲಿ ಪದ ಕಲಿತ ಕೂಡಲೇ ಐದು ಪ್ರಶ್ನೆ ಕೇಳಿಸುತ್ತಾರೆ: ಎಲ್ಲಿ, ಯಾವಾಗಿನಿಂದ, ಎಷ್ಟು, ಬಿಟ್ಟು ಬಿಟ್ಟು ಬರುತ್ತದೆಯೇ, ಏನು ಮಾಡಿದರೆ ಕಡಿಮೆ. 0ಯಿಂದ 10ರ ಅಂಕೆಯಲ್ಲಿ ನೋವು ಹೇಳಲಾಗದ ಹಿರಿಯರಿಗೆ ‘ಒಂತೆಯಾ, ಮಸ್ತಾ’ (ಸ್ವಲ್ಪವಾ, ಜಾಸ್ತಿಯಾ) ಎಂದು ಕೇಳುವುದನ್ನೂ ಕಲಿಸುತ್ತಾರೆ. ಕೇಳಿದ್ದನ್ನು ರೋಗಿಗೇ ತಿರುಗಿ ಹೇಳಿ, ಹೌದೆನಿಸಿಕೊಳ್ಳದೆ ಬರೆದುಕೊಳ್ಳುವಂತಿಲ್ಲ.

ಕರಾವಳಿಯ ಇನ್ನೆರಡು ಭಾಷೆಗಳಾದ ಬ್ಯಾರಿ, ಕೊಂಕಣಿ ಬರೀ ನಾಲ್ಕು ಮಾತಿಗೆ ನಿಂತಿವೆ. ಅದಕ್ಕಿಂತ ಬೇಸರದ್ದು, ಸಂಭಾಷಣೆಗಳಲ್ಲಿ ನರ್ಸ್ ಎಂದರೆ ‘ಸಿಸ್ಟರ್’ ಮಾತ್ರ. ಬೆಂಚಿನಲ್ಲಿ ಕೂತ ಹುಡುಗರು ಎಲ್ಲಿಗೆ ಹೋಗಬೇಕು? ಹೆರಿಗೆ ವಾರ್ಡಿನಲ್ಲಿ ಹೆಸರು ಹೇಳಿ, ಪರದೆ ಎಳೆದು, ಜತೆಗೊಬ್ಬ ಸಿಸ್ಟರನ್ನು ನಿಲ್ಲಿಸಿಕೊಂಡು ಒಪ್ಪಿಗೆ ಕೇಳುವ ಮಾತು ಅವರಿಗೇ ಹೆಚ್ಚು ಬೇಕು. ಅದು ಪಾಠದಲ್ಲಿಲ್ಲ.

ಮಧ್ಯಾಹ್ನದ ಪಾಳಿ ಬಿದ್ದ ವಾರ ಸಂಜೆ ಬ್ಯಾಚ್ ತಪ್ಪುತ್ತದೆ. ಸೇರುವ ಮೊದಲು ನಿಮ್ಮ ವಾರ್ಡು-ಪಾಳಿಯ ಪೋಸ್ಟಿಂಗ್ ಪಟ್ಟಿ ತೋರಿಸಿ, ಬದಲಿ ತರಗತಿ ಕೇಳಿಕೊಳ್ಳಿ.