ರಾತ್ರಿಯಿಡೀ ನಡೆಯುವ ನಾಟಕಕ್ಕೆ ಯಾವ ಆಡಿಯೊ ಫೈಲ್?

ಮಂಡ್ಯದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ರಾತ್ರಿ ಒಂಬತ್ತಕ್ಕೆ ಶುರುವಾದರೆ ಮುಗಿಯುವುದು ಬೆಳಗಿನ ಜಾವ. ಕೃಷ್ಣನ ಕಂದಪದ್ಯಕ್ಕೆ ‘ಒನ್ಸ್ ಮೋರ್’ ಬಿದ್ದರೆ ಇನ್ನೂ ತಡ. ಇಂಥ ಎಂಟು ಗಂಟೆಯ ಧ್ವನಿಮುದ್ರಣವನ್ನು ಒಂದೇ ಫೈಲಿನಲ್ಲಿ ಹಿಡಿದಿಡಲು ನಾನು ಐದು ಫೈಲ್ ಮಾದರಿಗಳನ್ನು (ಫಾರ್ಮ್ಯಾಟ್) ಬಳಸಿ ನೋಡಿದ್ದೇನೆ. ಕೇಳುವ ಕಿವಿಗೆ ಅವುಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತಕರಾರೆಲ್ಲ ಗಾತ್ರದ್ದು.

ವೇವ್ 1991ರಲ್ಲಿ ಮೈಕ್ರೊಸಾಫ್ಟ್ ಮತ್ತು ಐಬಿಎಂ ರೂಪಿಸಿದ ಮಾದರಿ. ಎಲ್ಲಿ ಒಯ್ದರೂ ತೆರೆಯುತ್ತದೆ. ಆದರೆ ಫೈಲಿನ ಗಾತ್ರವನ್ನು ಬರೆಯಲು ಅದರ ಆರಂಭದಲ್ಲಿರುವ ಜಾಗ 32 ಬಿಟ್ ಮಾತ್ರ. 4 ಜಿಬಿ ದಾಟಿದರೆ ಆ ಅಂಕಿ ಹಿಡಿಸುವುದಿಲ್ಲ. 48 ಕಿಲೊಹರ್ಟ್ಸ್ (ಸೆಕೆಂಡಿಗೆ 48,000 ಸಲ ಧ್ವನಿಯ ಅಳತೆ), ಪ್ರತಿ ಅಳತೆಗೆ 24 ಬಿಟ್‌ನ ಸ್ಟೀರಿಯೊ ಸೆಕೆಂಡಿಗೆ 2,88,000 ಬೈಟ್ ತಿನ್ನುತ್ತದೆ, ಅಂದರೆ 4 ಗಂಟೆ 8 ನಿಮಿಷಕ್ಕೆ ಗಡಿ. ಎಂಟು ಮೈಕ್‌ಗಳನ್ನು ಪ್ರತ್ಯೇಕ ಟ್ರ್ಯಾಕ್‌ಗಳಾಗಿ ಒಂದೇ ಫೈಲಿಗೆ ತುಂಬಿದರೆ ಒಂದು ಗಂಟೆಯ ಮೇಲೆ ಎರಡೇ ನಿಮಿಷ. ಕೆಲವು ತಂತ್ರಾಂಶಗಳು ಗಡಿ ಲೆಕ್ಕಿಸದೆ ಬರೆಯುತ್ತಾ ಹೋಗುತ್ತವೆ. ಆಗ ಗಾತ್ರದ ಅಂಕಿ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ, ಎಂಟು ಗಂಟೆಯ ಸ್ಟೀರಿಯೊ ಫೈಲ್ ತನ್ನ ಅವಧಿ 3 ಗಂಟೆ 51 ನಿಮಿಷ ಎಂದು ಹೇಳಿಕೊಂಡು ಯುದ್ಧಕ್ಕೆ ಮೊದಲೇ ತೆರೆ ಎಳೆಯುತ್ತದೆ! ದತ್ತಾಂಶವೆಲ್ಲ ಒಳಗೇ ಇರುತ್ತದೆ. ಧ್ವನಿ ಸಂಪಾದಿಸುವ ತಂತ್ರಾಂಶ ಆಡಾಸಿಟಿಯಲ್ಲಿ ಕಚ್ಚಾ ದತ್ತಾಂಶವಾಗಿ ಆಮದು ಮಾಡಿಕೊಂಡರೆ ಸಿಗುತ್ತದೆ.

ಯುರೋಪಿನ ಪ್ರಸಾರಕರ ಒಕ್ಕೂಟದ ಆರ್‌ಎಫ್64 ಈ ತೊಡಕನ್ನು ಜಾಣತನದಿಂದ ಬಿಡಿಸಿದೆ. ಆರಂಭದಲ್ಲಿ ಅದು ಮಾಮೂಲಿ ವೇವ್ ಆಗಿಯೇ ಹುಟ್ಟಿ, ತಲೆಭಾಗದಲ್ಲಿ ಒಂದಿಷ್ಟು ಖಾಲಿ ಜಾಗ ಕಾದಿರಿಸುತ್ತದೆ. 4 ಜಿಬಿ ದಾಟಿದರೆ ಆ ಜಾಗದಲ್ಲಿ 64 ಬಿಟ್‌ನ ಅಂಕಿ ಬರೆದು ಹೆಸರು ಬದಲಿಸಿಕೊಳ್ಳುತ್ತದೆ. ಚಿಕ್ಕ ಫೈಲ್ ಆಗಿಯೇ ಉಳಿದರೆ ಯಾರಿಗೂ ತೊಂದರೆ ಇಲ್ಲ. ನನ್ನ ಮತ ಇದಕ್ಕೇ. ಸೋನಿಯ ಹೆಸರಿನಲ್ಲಿ ಬಂದ ವೇವ್64 ಕೂಡ ಗಾತ್ರಕ್ಕೆ ಹೆದರುವುದಿಲ್ಲ, ಆದರೆ ಹೊರಗೆ ಕೊಟ್ಟರೆ ‘ಇದೇನು ಫೈಲು?’ ಎಂಬ ಪ್ರಶ್ನೆ ಖಚಿತ.

ಹಳ್ಳಿಯಲ್ಲಿ ನಡುರಾತ್ರಿ ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವೇವ್ ಆಗಲಿ ಆರ್‌ಎಫ್64 ಆಗಲಿ, ಸರಿಯಾಗಿ ಮುಚ್ಚದೆ ನಿಂತರೆ ತಲೆಭಾಗ ಅರ್ಧಂಬರ್ಧ ಉಳಿದು ದುರಸ್ತಿ ಬೇಡುತ್ತದೆ. ಆಪಲ್‌ನ ಕ್ಯಾಫ್ ಮಾದರಿ ಇಲ್ಲಿ ಗಟ್ಟಿಗ: ‘ಗಾತ್ರ ಇನ್ನೂ ಗೊತ್ತಿಲ್ಲ’ ಎಂದು ಬರೆದುಕೊಂಡೇ ಮುದ್ರಣ ಮುಂದುವರಿಸಬಲ್ಲದು. ಇಷ್ಟಾಗಿಯೂ ಹಾರ್ಮೋನಿಯಂ ಮೇಷ್ಟ್ರ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ.

ಧ್ವನಿಯನ್ನು ಕುಗ್ಗಿಸಿ ಇಡುವ ಫ್ಲ್ಯಾಕ್ ಅನ್ನು ಮುದ್ರಣಕ್ಕಲ್ಲ, ಕಾಪಿಡಲು ಬಳಸುತ್ತೇನೆ. ಎಂಟು ಗಂಟೆಯ ಸ್ಟೀರಿಯೊದ 8.3 ಜಿಬಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಒಂದು ಬಿಟ್ ಕೂಡ ಕಳೆಯದೆ. ಒಳಗೇ ಎಂಡಿ5 ಗುರುತು (ಧ್ವನಿಯ ದತ್ತಾಂಶದಿಂದ ಲೆಕ್ಕ ಹಾಕಿದ ತಾಳೆಯ ಅಂಕಿ) ಇರುವುದರಿಂದ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಫೈಲ್ ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು. 32 ಬಿಟ್ ಫ್ಲೋಟ್‌ನಲ್ಲಿ (ಧ್ವನಿಯ ಅಳತೆಯನ್ನು ದಶಮಾಂಶದಂಥ ಸಂಖ್ಯೆಯಾಗಿ ಬರೆಯುವ ಬಗೆ) ಮುದ್ರಿಸುವವರಿಗೆ ಮಾತ್ರ ಇದು ಒಗ್ಗದು, ಫ್ಲೋಟ್ ಇದರಲ್ಲಿ ಇಲ್ಲ.

ಯಾವ ಮಾದರಿ ಆರಿಸಿದರೂ ರೆಕಾರ್ಡರಿನ ಮೆಮೊರಿ ಕಾರ್ಡಿನ ಫೈಲ್ ವ್ಯವಸ್ಥೆ ಫ್ಯಾಟ್32 ಆಗಿದ್ದರೆ ಅಲ್ಲಿಯೂ ಅದೇ 4 ಜಿಬಿ ಗಡಿ. ಕಾರ್ಡನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡೇ ರೆಕಾರ್ಡರಿಗೆ ಹಾಕಿ.