ಮಡಿಕೇರಿಯಲ್ಲಿ ಐದು ದಿನ, ಶಾಲೆಯಲ್ಲಿ ಮೂರು ಭೇಟಿ: ಶಿಕ್ಷಕರ ತಂತ್ರಜ್ಞಾನ ತರಬೇತಿಯ ವಿಮರ್ಶೆ

ಕಳೆದ ಮೇ ತಿಂಗಳ ಕೊನೆಯ ವಾರ, ಶಾಲೆಗಳು ಪುನರಾರಂಭವಾಗುವ ಮುನ್ನ, ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗಾಗಿ ಮಡಿಕೇರಿಯಲ್ಲಿ ಐದು ದಿನಗಳ ತರಬೇತಿ ನಡೆಯಿತು. ತರಗತಿಯಲ್ಲಿ ಕಂಪ್ಯೂಟರ್, ಪ್ರೊಜೆಕ್ಟರ್ ಮತ್ತು ಶೈಕ್ಷಣಿಕ ತಂತ್ರಾಂಶಗಳನ್ನು ಪಾಠಕ್ಕೆ ಹೊಂದುವಂತೆ ಬಳಸುವುದನ್ನು ಕಲಿಸುವುದು ಅದರ ಉದ್ದೇಶವಾಗಿತ್ತು. ನಡೆಸಿದ್ದು ಹೊರಜಿಲ್ಲೆಯ ಒಂದು ಸ್ವಯಂಸೇವಾ ಸಂಸ್ಥೆ. ಶುಲ್ಕವಿರಲಿಲ್ಲ, ಊಟ, ವಸತಿಯ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಐದು ದಿನಗಳ ನಂತರ ತರಬೇತುದಾರರು ನಮ್ಮ ನಮ್ಮ ಶಾಲೆಗೇ ಮೂರು ಬಾರಿ ಬಂದು ಪಾಠ ನೋಡುತ್ತಾರೆಂದು ಮೊದಲ ದಿನವೇ ತಿಳಿಸಿದ್ದರು. ನಾಪೋಕ್ಲು ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಈ ಮೂರೂ ಭೇಟಿಗಳು ಮುಗಿಯುವವರೆಗೆ ಕಾದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಐದು ದಿನದ ಶಿಬಿರವನ್ನಷ್ಟೇ ನೋಡಿ ಬರೆದಿದ್ದರೆ ಐದಕ್ಕೆ ಎರಡೂವರೆ ಅಂಕ ಕೊಡುತ್ತಿದ್ದೆ. ಶಾಲಾ ಭೇಟಿಗಳನ್ನೂ ಸೇರಿಸಿಕೊಂಡು ಈಗ ನಾಲ್ಕು ಕೊಡುತ್ತೇನೆ.

ಮೊದಲೆರಡು ದಿನಗಳು ನಿರಾಶೆ ತಂದವು. ತಂತ್ರಜ್ಞಾನ ಬಳಸಿ ಕಲಿಸುವುದು ಹೇಗೆಂದು ತಿಳಿಯಲು ಬಂದ ನಮ್ಮನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಇಂಗ್ಲಿಷಿನಲ್ಲಿದ್ದ ಸ್ಲೈಡುಗಳನ್ನು ಒಂದಾದ ಮೇಲೊಂದರಂತೆ ಓದಿ ಹೇಳಲಾಯಿತು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟಿನ ಬಗ್ಗೆ ಅರ್ಧ ದಿನ ಉಪನ್ಯಾಸವಿತ್ತು. ವಿಷಯದ ಜ್ಞಾನ, ಕಲಿಸುವ ವಿಧಾನದ ಜ್ಞಾನ, ತಂತ್ರಜ್ಞಾನದ ಜ್ಞಾನ ಈ ಮೂರೂ ಬೇರೆ ಬೇರೆಯಾಗಿದ್ದರೆ ಸಾಲದು, ಅವು ಒಂದನ್ನೊಂದು ಕೂಡುವಲ್ಲಿಯೇ ಶಿಕ್ಷಕರ ನಿಜವಾದ ಪರಿಣತಿ ಇರುತ್ತದೆ ಎಂಬುದು ಅದರ ತಿರುಳು. ಮಾತು ಸರಿಯಾದದ್ದೇ, ನನಗೆ ಬಹಳ ಹಿಡಿಸಿದ್ದೂ ಹೌದು. ಆದರೆ ಮೂರು ವೃತ್ತಗಳ ಚಿತ್ರವನ್ನು ತೋರಿಸುವ ಬದಲು ಹತ್ತನೇ ತರಗತಿಯ ಒಂದೇ ಒಂದು ಪಾಠವನ್ನು ತೆಗೆದುಕೊಂಡು ಆ ಕೂಡುವಿಕೆ ಎಲ್ಲಿ ನಡೆಯುತ್ತದೆಂದು ತೋರಿಸಿದ್ದರೆ ಅರ್ಧ ದಿನವೂ ಬೇಕಾಗುತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಮಳೆ ಹಿಡಿದು ಇಂಟರ್ನೆಟ್ ನಿಂತಿತು, ಅದರೊಂದಿಗೆ ಅಂದಿನ ಕಲಿಕೆಯೂ ನಿಂತಿತು. ಅಂದು ತೋರಿಸಬೇಕಾಗಿದ್ದೆಲ್ಲವೂ ಆನ್‌ಲೈನಿನಲ್ಲಿಯೇ ಇತ್ತು. ಕೊಡಗಿನಲ್ಲಿ ತರಬೇತಿ ಕೊಡಲು ಬರುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಒತ್ತಿ ಹೇಳಬಯಸುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ತಂತಿ ಹರಿಯುವುದು, ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಶೈಕ್ಷಣಿಕ ವರ್ಷದ ಮೊದಲ ಭಾಗವೆಲ್ಲ ಹಾಗೆಯೇ ಸಾಗುತ್ತದೆ. ಕೋವಿಡ್ ಕಾಲದಲ್ಲಿ ಶಿಕ್ಷಕರ ತರಬೇತಿ ಕೋರ್ಸುಗಳು ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾಗೆ ಬಂದಾಗ ನಮ್ಮಲ್ಲಿ ಹಲವರು ಸಿಗ್ನಲ್ ಸಿಗುವ ದಿಬ್ಬ ಹುಡುಕಿಕೊಂಡು ಹೋಗಿ, ಕೊಡೆ ಹಿಡಿದು ನಿಂತು ಪಾಠ ಕೇಳಿದವರು.

ಮೂರನೆಯ ದಿನ ಬೇರೆ ತರಬೇತುದಾರರು ಬಂದರು, ತರಬೇತಿಯ ಸ್ವರೂಪವೇ ಬದಲಾಯಿತು. ತಾವೂ ಹಿಂದೆ ಗಣಿತ ಶಿಕ್ಷಕಿಯಾಗಿದ್ದ ಆ ಮೇಡಂ ಬಂದವರೇ ಇಂಟರ್ನೆಟ್ ಸಂಪರ್ಕವನ್ನು ತೆಗೆಸಿದರು. ದೀಕ್ಷಾ ಆ್ಯಪಿನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸಿಕ್ಕ ಸಾಮಗ್ರಿಯನ್ನು ಊರಿನಲ್ಲಿ ನೆಟ್‌ವರ್ಕ್ ಇರುವಾಗಲೇ ಇಳಿಸಿಕೊಂಡು ಆಮೇಲೆ ಸಂಪರ್ಕವಿಲ್ಲದೆಯೇ ತೆರೆಯುವುದು, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ, ಕಂಪ್ಯೂಟರ್ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬ್ರೌಸರಿನಲ್ಲಿ ನಡೆಸುವುದು, ರೇಖಾಗಣಿತದ ಚಿತ್ರಗಳನ್ನು ಬಿಡಿಸಿ ಎಳೆದು ನೋಡಬಹುದಾದ ಜಿಯೋಜೀಬ್ರಾ ತಂತ್ರಾಂಶವನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಅಳವಡಿಸುವುದು, ಇವನ್ನೆಲ್ಲ ನಮ್ಮ ಕೈಯಿಂದಲೇ ಮಾಡಿಸಿದರು. ಒಬ್ಬರು ತಪ್ಪು ಒತ್ತಿದರೆ ತಾವು ಮೌಸ್ ಕಸಿದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಕಾಯುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅಂದು ಸಂಜೆ ತಾವೇ ಬಿಡಿಸಿದ ತ್ರಿಭುಜದ ಶೃಂಗವನ್ನು ಎಳೆದೆಳೆದು ನೋಡುತ್ತ, ಚಹಾ ಆರಿ ಹೋದದ್ದನ್ನೂ ಗಮನಿಸಲಿಲ್ಲ.

ಕನ್ನಡ ಟೈಪಿಂಗ್ ಕುರಿತ ಅವಧಿಗೆ ಬೇರೆಯದೇ ಮೆಚ್ಚುಗೆ ಸಲ್ಲಬೇಕು. ನಾವು ವರ್ಷಗಳಿಂದ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಿಟ್ಟುಕೊಂಡಿದ್ದೇವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಯಾವ ಕಂಪ್ಯೂಟರಿನಲ್ಲಿಯೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಪರಿವರ್ತಿಸುವ ಬಗೆಯನ್ನೂ, ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ ವಿನ್ಯಾಸದಲ್ಲಿ ಬೆರಳಿನ ರೂಢಿ ಬದಲಿಸದೆಯೇ ಯೂನಿಕೋಡಿನಲ್ಲಿ ಬರೆಯುವ ಬಗೆಯನ್ನೂ ಒಂದು ಗಂಟೆಯಲ್ಲಿ ಕಲಿತೆವು. ಶಾಲೆಗೆ ಹಿಂದಿರುಗಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಸಲ ಬಳಕೆಗೆ ಬಂದದ್ದು ಈ ಒಂದು ಗಂಟೆಯ ಕಲಿಕೆಯೇ.

ಇನ್ನು ಶಾಲಾ ಭೇಟಿಗಳ ವಿಷಯ. ಜೂನ್ ಕೊನೆಯಲ್ಲಿ ಮೇಡಂ ಮೊದಲ ಬಾರಿ ಬಂದಾಗ ನಾನು ಬಹಳ ತಯಾರಿ ಮಾಡಿಕೊಂಡು ಜಿಯೋಜೀಬ್ರಾದಲ್ಲಿ ಸಮರೂಪ ತ್ರಿಭುಜಗಳ ಪಾಠ ಮಾಡಿದೆ. ಮಕ್ಕಳು ಸದ್ದಿಲ್ಲದೆ ನೋಡಿದರು. ಪಾಠ ಚೆನ್ನಾಗಿಯೇ ಆಯಿತೆಂದುಕೊಂಡಿದ್ದೆ. ಆಮೇಲೆ ಅವರು ತಮ್ಮ ಪುಸ್ತಕ ತೆರೆದು, ನಲವತ್ತು ನಿಮಿಷಗಳಲ್ಲಿ ಮೌಸ್ ಮಕ್ಕಳ ಕೈಯಲ್ಲಿದ್ದದ್ದು ಒಟ್ಟು ಮೂರು ನಿಮಿಷ ಎಂದು ತೋರಿಸಿದರು. ಟೀಕೆಯ ಧಾಟಿಯಲ್ಲಿ ಹೇಳಲಿಲ್ಲ, ಗುರುತು ಮಾಡಿಕೊಂಡದ್ದನ್ನು ಓದಿದರಷ್ಟೆ. ನಾನು ಕರಿಹಲಗೆಯ ಜಾಗದಲ್ಲಿ ಪರದೆಯನ್ನು ಇಟ್ಟಿದ್ದೆನೇ ಹೊರತು ಕಲಿಸುವ ರೀತಿಯನ್ನು ಬದಲಿಸಿರಲಿಲ್ಲ ಎಂಬುದು ಅಂದು ನನಗೆ ಸ್ಪಷ್ಟವಾಯಿತು. ಮೂರು ವೃತ್ತಗಳ ಉಪನ್ಯಾಸ ನನಗೆ ಅರ್ಥವಾದದ್ದೂ ಆಗಲೇ.

ಆಗಸ್ಟ್‌ನಲ್ಲಿ, ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ, ಎರಡನೆಯ ಭೇಟಿ. ವೃತ್ತದ ಸ್ಪರ್ಶಕವು ಸ್ಪರ್ಶಬಿಂದುವಿನಲ್ಲಿ ಎಳೆದ ತ್ರಿಜ್ಯಕ್ಕೆ ಲಂಬವಾಗಿರುತ್ತದೆ ಎಂಬ ಪ್ರಮೇಯ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲವಾದ್ದರಿಂದ ಪ್ರೊಜೆಕ್ಟರ್ ಬಿಟ್ಟು, ಬ್ಯಾಟರಿ ಉಳಿದಿದ್ದ ಎರಡು ಲ್ಯಾಪ್‌ಟಾಪುಗಳ ಸುತ್ತ ಮಕ್ಕಳನ್ನು ಕೂರಿಸಿದೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ, ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗಿಯೊಬ್ಬಳಿದ್ದಾಳೆ. ಕನ್ನಡ ಇನ್ನೂ ಕಲಿಯುತ್ತಿರುವುದರಿಂದ ತರಗತಿಯಲ್ಲಿ ಬಾಯಿ ತೆರೆಯುವುದು ಕಡಿಮೆ. ಅವಳ ಕೈಗೆ ಮೌಸ್ ಕೊಟ್ಟೆ. ಸ್ಪರ್ಶಬಿಂದುವನ್ನು ವೃತ್ತದ ಮೇಲೆ ಒಂದು ಸುತ್ತು ಪೂರ್ತಿ ಎಳೆದಳು. ಕೋನ 90 ಡಿಗ್ರಿಯಿಂದ ಕದಲಲಿಲ್ಲ. "ಎಲ್ಲಿ ಹೋದರೂ ತೊಂಬತ್ತು ಟೀಚರ್" ಎಂದಳು. ಹಿಂದಿನ ಸಾಲಿನ ಹುಡುಗನೊಬ್ಬ, "ಗೊತ್ತಾಯಿತಲ್ಲ, ಮತ್ತೆ ಸಾಧನೆ ಯಾಕೆ ಟೀಚರ್?" ಎಂದು ಕೇಳಿದ.

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಸ್ಪರ್ಶಕದ ಮೇಲೆಯೇ ಇನ್ನೊಂದು ಬಿಂದುವನ್ನು ಇಟ್ಟು, ಕೇಂದ್ರದಿಂದ ಅದಕ್ಕಿರುವ ದೂರವನ್ನು ನೋಡಲು ಹೇಳಿದೆ. ಬಿಂದುವನ್ನು ಎತ್ತ ಸರಿಸಿದರೂ ಆ ದೂರ ತ್ರಿಜ್ಯಕ್ಕಿಂತ ಹೆಚ್ಚೇ ಇತ್ತು. ಸ್ಪರ್ಶಬಿಂದುವಿಗೆ ಬಂದಾಗ ಮಾತ್ರ ತ್ರಿಜ್ಯಕ್ಕೆ ಸಮವಾಯಿತು. ಅದು ಯಾಕೆ ಎಂದು ಕೇಳಿದೆ. ಉಳಿದೆಲ್ಲ ಬಿಂದುಗಳು ವೃತ್ತದ ಹೊರಗಿವೆ ಎಂದು ಅವರೇ ಹೇಳಿದರು. ಒಂದು ಬಿಂದುವಿನಿಂದ ಸರಳರೇಖೆಗೆ ಇರುವ ಅತಿ ಕಡಿಮೆ ದೂರ ಲಂಬದೂರ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅಲ್ಲಿಗೆ ಲ್ಯಾಪ್‌ಟಾಪುಗಳನ್ನು ಮುಚ್ಚಿಸಿ, ಮಬ್ಬು ಬೆಳಕಿನಲ್ಲಿ ಕರಿಹಲಗೆಯ ಮೇಲೆ ಸಾಧನೆಯನ್ನು ಪೂರ್ತಿಗೊಳಿಸಿದೆವು. ಚಿತ್ರ ಎಳೆದು ನೋಡಿದರೆ ನಂಬಿಕೆ ಬರುತ್ತದೆ, ಕಾರಣ ಮಾತ್ರ ತರ್ಕದಿಂದಲೇ ಸಿಗಬೇಕು ಎಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಯಾವಾಗ ಪರದೆಯನ್ನು ಮುಚ್ಚಬೇಕು ಎಂಬುದು ಶಿಬಿರದ ಐದು ದಿನಗಳಲ್ಲಿ ಎಲ್ಲಿಯೂ ಚರ್ಚೆಗೆ ಬರಲಿಲ್ಲ. ಮುಂದಿನ ತಂಡಕ್ಕೆ ಅದನ್ನು ಸೇರಿಸಬೇಕೆಂದು ಸಂಸ್ಥೆಗೆ ಬರೆದಿದ್ದೇನೆ.

ಸೆಪ್ಟೆಂಬರಿನ ಮೂರನೆಯ ಭೇಟಿ ಚಿಕ್ಕದಾಗಿತ್ತು. ಹೆಚ್ಚಾಗಿ ವಿಜ್ಞಾನ ಶಿಕ್ಷಕರ ಜೊತೆ ಫೆಟ್‌ನ ವಿದ್ಯುನ್ಮಂಡಲದ ಪ್ರಯೋಗ ನೋಡಿ ಹೋದರು.

ಒಂದು ಕೊರತೆಯನ್ನು ಹೇಳಲೇಬೇಕು. ಉಪಕರಣಗಳ ಆರೈಕೆಯ ಬಗ್ಗೆ ಈ ತರಬೇತಿಯಲ್ಲಿ ಒಂದು ಮಾತೂ ಇರಲಿಲ್ಲ. ನಮ್ಮ ಹವೆಯಲ್ಲಿ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುವಂತೆಯೇ ಪ್ರೊಜೆಕ್ಟರಿನ ಮಸೂರಕ್ಕೂ ಹಿಡಿಯುತ್ತದೆ. ದಾನಿಗಳು ಕೊಟ್ಟ ಪ್ರೊಜೆಕ್ಟರ್ ಎರಡು ಮಳೆಗಾಲ ಬೀರುವಿನಲ್ಲಿದ್ದು ಮಸೂರದ ಮೇಲೆ ಬಿಳಿ ಎಳೆಗಳ ಬಲೆ ಕಟ್ಟಿಕೊಂಡದ್ದನ್ನು ನಮ್ಮ ಶಾಲೆಯಲ್ಲಿಯೇ ನೋಡಿದ್ದೇವೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡುವುದು, ರಜೆಯಲ್ಲಿಯೂ ವಾರಕ್ಕೊಮ್ಮೆ ಚಾಲನೆ ಮಾಡಿ ಬಿಸಿಯಾಗಿಸುವುದು, ಇವನ್ನು ನಾವು ಶಿಬಿರದ ಊಟದ ಬಿಡುವಿನಲ್ಲಿ ಪರಸ್ಪರ ಹೇಳಿಕೊಂಡು ಕಲಿತೆವು. ಕೊಡಗಿನ ಶಿಕ್ಷಕರಿಗೆ ಇದು ಕಾರ್ಯಸೂಚಿಯಲ್ಲಿಯೇ ಇರಬೇಕಾದ ವಿಷಯ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ನಿರೀಕ್ಷಿಸುತ್ತದೆ. ಶಿಬಿರದ ಮೊದಲೆರಡು ದಿನಗಳಂಥ ಗಂಟೆಗಳು ಆ ಲೆಕ್ಕವನ್ನಷ್ಟೇ ತುಂಬುತ್ತವೆ. ಈ ಸಂಸ್ಥೆ ಶಿಬಿರವನ್ನು ಮೂರು ದಿನಕ್ಕೆ ಇಳಿಸಿ, ಉಳಿದ ಎರಡು ದಿನಗಳನ್ನು ಶಾಲಾ ಭೇಟಿಗೆ ಸೇರಿಸಿದರೆ ಅದೇ ಖರ್ಚಿನಲ್ಲಿ ಹೆಚ್ಚು ಫಲ ಸಿಗುತ್ತದೆಂದು ನನ್ನ ಅನುಭವದಿಂದ ಹೇಳುತ್ತೇನೆ.

ಮುಂದಿನ ತಂಡಕ್ಕೆ ಹೋಗುವ ಯೋಚನೆ ಇರುವವರು ಸಾಧ್ಯವಾದರೆ ಒಂದೇ ಶಾಲೆಯಿಂದ ಇಬ್ಬರು ಹೋಗಿ. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ತರಗತಿಯಲ್ಲಿ ಬಳಸುವ ಲ್ಯಾಪ್‌ಟಾಪನ್ನೇ ಒಯ್ಯಿರಿ, ಅಲ್ಲಿ ಕೊಡುವ ಹೊಸ ಯಂತ್ರದಲ್ಲಿ ಕಲಿತದ್ದು ಶಾಲೆಯ ಹಳೆಯ ಯಂತ್ರದಲ್ಲಿ ನಡೆಯದೆ ಹೋಗಬಹುದು. ಪಠ್ಯಪುಸ್ತಕ, 32 ಜಿಬಿಯ ಪೆನ್‌ಡ್ರೈವ್ ಜೊತೆಗಿರಲಿ. ಜೂನ್‌ನಲ್ಲಿ ಕಲಿಸಬೇಕಾದ ಮೊದಲ ಪಾಠ ಯಾವುದೆಂದು ಗುರುತು ಮಾಡಿಕೊಂಡು ಹೋಗಿ, ಮೂರನೆಯ ದಿನ ಅದನ್ನೇ ಎತ್ತಿಕೊಳ್ಳಿ.